ದನದ ಸಿರಿಂಜಿನಲ್ಲಿ ಕ್ವಾಲಿಸ್ ಕ್ಲಚ್ಚಿನ ಗಾಳಿ ತೆಗೆದದ್ದು

ಜೂನ್ ಮಳೆ ಹಿಡಿದ ಮೇಲೆ ನಮ್ಮ ಟೊಯೊಟಾ ಕ್ವಾಲಿಸ್ ರಿವರ್ಸ್ ಗೇರಿಗೆ ಬೀಳುವಾಗ ಕರ್ರ್ ಎನ್ನಲು ಶುರು ಮಾಡಿತು. ಮೊದಮೊದಲು ಬೆಳಿಗ್ಗೆ ಹೊತ್ತು ಮಾತ್ರ. ಆಮೇಲೆ ಯಾವಾಗ ಹಾಕಿದರೂ ಅದೇ ಸದ್ದು. ಕ್ಲಚ್ ಪೆಡಲನ್ನು ಗಬಗಬ ಎರಡು ಮೂರು ಸಲ ಒತ್ತಿ ಹಾಕಿದರೆ ಮಾತ್ರ ಗೇರು ಸದ್ದಿಲ್ಲದೆ ಕೂರುತ್ತಿತ್ತು.

ರೋಗ ಗೊತ್ತಾಗುವುದು ಇಲ್ಲೇ. ಕ್ಲಚ್ ಪ್ಲೇಟ್ ಸವೆದಿದ್ದರೆ ಕ್ಲಚ್ ಜಾರುತ್ತದೆ. ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ನಮ್ಮದು ಉಲ್ಟಾ. ಎಳೆತ ಚೆನ್ನಾಗಿತ್ತು, ಆದರೆ ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ, ಅಂದರೆ ಇಂಜಿನ್ನಿನಿಂದ ಗೇರ್‌ಬಾಕ್ಸ್ ಪೂರ್ತಿ ಬೇರೆಯಾಗುತ್ತಿರಲಿಲ್ಲ. ಪಂಪ್ ಮಾಡಿದರೆ ಸರಿಹೋಗುತ್ತದೆ ಅಂದರೆ ತೊಂದರೆ ಪ್ಲೇಟಿನಲ್ಲಿಲ್ಲ, ಪೆಡಲಿನಿಂದ ಗೇರ್‌ಬಾಕ್ಸಿನವರೆಗೆ ಇರುವ ಆಯಿಲ್ ದಾರಿಯಲ್ಲಿದೆ. ರಿವರ್ಸೇ ಮೊದಲು ಕೂಗುವುದಕ್ಕೂ ಕಾರಣ ಇದೆ. ಮುಂದಕ್ಕೆ ಓಡುವ ಗೇರುಗಳಿಗೆ ಸಿಂಕ್ರೋನೈಜರ್, ಅಂದರೆ ಗೇರು ಕೂರುವ ಮೊದಲು ವೇಗ ಹೊಂದಿಸುವ ಭಾಗ, ಇರುತ್ತದೆ. ಅರ್ಧಂಬರ್ಧ ಬಿಟ್ಟ ಕ್ಲಚ್ಚನ್ನೂ ಅದು ಹೇಗೋ ಸುಧಾರಿಸಿಕೊಂಡು ಹೋಗುತ್ತದೆ. ಬಹಳ ಗಾಡಿಗಳಲ್ಲಿ ರಿವರ್ಸಿಗೆ ಆ ಅನುಕೂಲ ಇಲ್ಲ.

ಕ್ವಾಲಿಸ್ 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಗಾಡಿ. 2005ರಲ್ಲಿ ಇನ್ನೋವಾ ಬಂದು ಇದರ ಜಾಗ ಹಿಡಿಯಿತು. ಮಲೆನಾಡಿನ ಕಡೆ ಇವು ಇನ್ನೂ ಓಡುತ್ತಿವೆ. ಮಾರುತಿ 800ರಂಥ ಗಾಡಿಯಲ್ಲಿ ಕ್ಲಚ್ ಕೆಲಸ ಒಂದು ಕೇಬಲ್ಲಿನದು, ನಟ್ಟು ತಿರುಗಿಸಿ ಬಿಗಿ ಮಾಡಿದರೆ ಮುಗಿಯಿತು. ಕ್ವಾಲಿಸ್‌ನಲ್ಲಿ ಹಾಗಲ್ಲ. ಪೆಡಲ್ ಒಂದು ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಅಲ್ಲಿಂದ ಬ್ರೇಕ್ ಆಯಿಲ್ ಸಣ್ಣ ಪೈಪಿನಲ್ಲಿ ಕೆಳಗಿಳಿದು ಸ್ಲೇವ್ ಸಿಲಿಂಡರಿಗೆ ಬರುತ್ತದೆ, ಸ್ಲೇವಿನ ರಾಡ್ ಕ್ಲಚ್ಚನ್ನು ಬಿಡಿಸುವ ಫೋರ್ಕನ್ನು ತಳ್ಳುತ್ತದೆ. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ ಈ ಸಿಲಿಂಡರುಗಳ ರಬ್ಬರ್ ಸೋತರೆ ಯಾರನ್ನೂ ದೂರುವ ಹಾಗಿಲ್ಲ.

ತೀರ್ಥಹಳ್ಳಿ ಪೇಟೆಯಲ್ಲಿ ಒಂದು ದಿನ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಕಾಲಬೆರಳಲ್ಲಿ ಎತ್ತಬೇಕಾಯಿತು. ಪಂಪ್ ಮಾಡಿದರೂ ಏನೂ ಇಲ್ಲ. ಮನೆಗೆ ಕ್ಲಚ್ ಇಲ್ಲದೆ ಬಂದೆ. ಇಂಜಿನ್ ಆಫ್ ಮಾಡಿ, ಫಸ್ಟ್ ಗೇರ್ ಹಾಕಿ, ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಎಳೆದುಕೊಂಡು ಹೊರಡಿಸುತ್ತದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಹೊಸ ಗಾಡಿಗಳಲ್ಲಿ ಈ ಆಟ ನಡೆಯುವುದಿಲ್ಲ. ಸೆಕೆಂಡಿಗೆ ಹೋಗಲು ಆಕ್ಸಿಲರೇಟರ್ ಬಿಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಇಂಜಿನ್ ವೇಗ ಇಳಿಯುವುದನ್ನು ಕಾದು ಮೆಲ್ಲಗೆ ಒತ್ತಬೇಕು. ಹದ ಸಿಕ್ಕರೆ ತಾನಾಗೇ ಬೀಳುತ್ತದೆ, ಸಿಗದಿದ್ದರೆ ಬಲವಂತ ಮಾಡಬಾರದು. ತುಂಗಾ ಸೇತುವೆ ಮೇಲೆ ಎದುರಿಗೆ ಲಾರಿ ಬಾರದಿದ್ದದ್ದು ಪುಣ್ಯ.

ಮನೆಯಲ್ಲೇ ಮಾಡುವುದು ಅಂತ ತೀರ್ಮಾನಿಸಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ಮಳೆಗಾಲದಲ್ಲಿ ನಮ್ಮ ರಸ್ತೆಗೆ ಮೆಕ್ಯಾನಿಕ್ಕನ್ನು ಕರೆಸುವುದು ಕಷ್ಟ. ಎಳೆಸಿಕೊಂಡು ಹೋಗುವ ಖರ್ಚು ರಿಪೇರಿ ಖರ್ಚಿಗಿಂತ ಜಾಸ್ತಿ. ತೋಟದಲ್ಲಿ ಹೇಗೂ ಕೆಲಸ ಕಡಿಮೆ.

ಪೆಡಲ್ ಹೀಗಾಗುವುದು ಸಾಮಾನ್ಯವಾಗಿ ಆಯಿಲ್ ದಾರಿಗೆ ಗಾಳಿ ಸೇರಿದಾಗ. ಮೊದಲು ಸೋರಿಕೆ ಹುಡುಕಬೇಕು. ಗಾಳಿ ಸುಮ್ನೆ ಒಳಗೆ ಬರುವುದಿಲ್ಲ. ಆಯಿಲ್ ಎಲ್ಲೋ ಹೊರಗೆ ಹೋಗಿರುತ್ತದೆ, ಆ ದಾರಿಯಲ್ಲೇ ಗಾಳಿ ಬಂದಿರುತ್ತದೆ. ನೋಡಬೇಕಾದ ಜಾಗಗಳು ಜಾಸ್ತಿ ಇಲ್ಲ. ಪೆಡಲಿನ ಹತ್ತಿರ ಕೈ ಹಾಕಿ ಮಾಸ್ಟರಿನ ರಾಡ್ ಒಳಗೆ ಹೋಗುವಲ್ಲಿ ಸವರಿದೆ, ಒಣಗಿತ್ತು. ಅಲ್ಲಿ ಜಿಗುಟು ಇದ್ದರೆ ಮಾಸ್ಟರ್ ಹೋಗಿದೆ ಅಂತ ಅರ್ಥ. ಪೈಪ್, ಹೋಸ್ ಎರಡೂ ಒಣಗಿದ್ದವು. ಕೆಳಗೆ ಮಲಗಿ ಸ್ಲೇವಿನ ರಬ್ಬರ್ ಬೂಟ್ ಮಡಚಿದಾಗ ಕಪ್ಪು ನೀರಿನಂಥ ಆಯಿಲ್ ಮೊಣಕೈವರೆಗೆ ಇಳಿಯಿತು. ಎಲ್ಲೂ ಸೋರದೆ, ಮಾಸ್ಟರಿಗೆ ಆಯಿಲ್ ಕೊಡುವ ಡಬ್ಬಿಯ ಮಟ್ಟವೂ ಇಳಿಯದೆ ಪೆಡಲ್ ನಿಧಾನಕ್ಕೆ ಮುಳುಗುತ್ತಿದ್ದರೆ ಅದು ಇನ್ನೊಂದು ರೋಗ. ಮಾಸ್ಟರಿನ ಒಳ ವಾಷರ್ ಆಯಿಲನ್ನು ಹಿಂದಕ್ಕೆ ಬಿಡುತ್ತಿರುತ್ತದೆ. ಆಗ ಎಷ್ಟು ಗಾಳಿ ತೆಗೆದರೂ ಪ್ರಯೋಜನ ಇಲ್ಲ.

ಸ್ಲೇವ್ ಬಿಚ್ಚಿ ಹೊಸ ರಬ್ಬರ್ ವಾಷರಿನ ಕಿಟ್ ಹಾಕುವುದು ಸುಲಭದ ಕೆಲಸ. ಎರಡು ಬೋಲ್ಟು, ಒಂದು ಪೈಪು. ಪಿಸ್ಟನ್, ಕಪ್ ವಾಷರ್, ಸ್ಪ್ರಿಂಗ್ ಹೊರಗೆ ತೆಗೆದು, ಸಿಲಿಂಡರಿನ ಒಳಮೈಯನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿದೆ. ಉಗುರಿಗೆ ತಾಕುವ ಗುಳಿ ಇದ್ದರೆ ಹೊಸ ವಾಷರ್ ಹಾಕಿಯೂ ದಂಡ, ಸಿಲಿಂಡರೇ ಹೊಸದು ತರಬೇಕು. ನಮ್ಮದರಲ್ಲಿ ಕಲೆ ಇತ್ತು, ಗುಳಿ ಇರಲಿಲ್ಲ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದು, ಅದನ್ನೇ ಸವರಿ ಹೊಸ ವಾಷರ್ ಕೂರಿಸಿದೆ. ಗ್ರೀಸು, ಇಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ ಒಂದು ಹನಿಯೂ ಒಳಗೆ ಸೇರಬಾರದು. ಈ ವಾಷರುಗಳ ರಬ್ಬರ್ ಬ್ರೇಕ್ ಆಯಿಲಿಗೆ ಮಾತ್ರ ಹೊಂದುವಂಥದ್ದು. ಖನಿಜ ಎಣ್ಣೆ ತಾಗಿದರೆ ಊದಿಕೊಂಡು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ.

ಇಷ್ಟು ಮಾಡಿದ ಮೇಲೆ ಇಡೀ ದಾರಿ ಗಾಳಿಮಯ. ಅಸಲು ಕೆಲಸ ಈಗ ಶುರು.

ಒಂದು ಲೆಕ್ಕ ಹೇಳುತ್ತೇನೆ, ಆಗ ಈ ಗಾಳಿಗೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಅಂತ ಗೊತ್ತಾಗುತ್ತದೆ. ಪೆಡಲ್ ಸುಮಾರು 14 ಸೆಂ.ಮೀ. ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಪೆಡಲ್ ಒಂದು ಸನ್ನೆಕೋಲು. ಅದು ಐದು ಪಟ್ಟು ಇಳಿದರೆ ಮಾಸ್ಟರಿನ ಪಿಸ್ಟನ್ ಒಂದು ಪಟ್ಟು ಹೋಗುತ್ತದೆ ಎಂದುಕೊಂಡರೆ 2.8 ಸೆಂ.ಮೀ. ಆಯಿತು. ಸಿಲಿಂಡರಿನ ಅಗಲ 16 ಮಿ.ಮೀ. ಆದರೆ ಅದರ ಮುಖ ಎರಡು ಚದರ ಸೆಂ.ಮೀ. ಗುಣಿಸಿ ನೋಡಿ, ಪೆಡಲ್ ಪೂರ್ತಿ ಒತ್ತಿದಾಗ ಹೋಗುವ ಆಯಿಲ್ ಐದೂವರೆ ಎಂ.ಎಲ್. ಚಿಲ್ಲರೆ. ಒಂದು ಟೀ ಚಮಚ ತುಂಬಿ ಸ್ವಲ್ಪ ಚೆಲ್ಲುವಷ್ಟು. ಇಡೀ ಕ್ಲಚ್ಚಿನ ಆಟ ಇಷ್ಟರಲ್ಲೇ.

ಈಗ ಆ ದಾರಿಯಲ್ಲಿ ಎಲ್ಲೋ ಒಂದು ಎಂ.ಎಲ್. ಗಾಳಿ ಉಳಿದಿದೆ ಅಂದುಕೊಳ್ಳಿ. ಒತ್ತಡ ಇಪ್ಪತ್ತು ಪಟ್ಟು ಏರಿದರೆ ಗಾಳಿ ಕುಗ್ಗಿ ಇಪ್ಪತ್ತರಲ್ಲಿ ಒಂದು ಭಾಗ ಆಗುತ್ತದೆ. ಅಂದರೆ ಕಾಲು ಹಾಕಿದ ಶ್ರಮದಲ್ಲಿ ಹತ್ತಿರ ಹತ್ತಿರ ಒಂದು ಎಂ.ಎಲ್. ಗಾಳಿ ಕುಗ್ಗಿಸುವುದಕ್ಕೇ ಹೋಯಿತು. ಐದೂವರೆಯಲ್ಲಿ ಒಂದು! ಬ್ರೇಕಿನಲ್ಲಿ ಅಷ್ಟು ಗಾಳಿ ಇದ್ದರೆ ಪೆಡಲ್ ಮೆತ್ತಗಾಗುತ್ತದೆ, ಇನ್ನಷ್ಟು ಒತ್ತಿದರೆ ಹಿಡಿಯುತ್ತದೆ. ಕ್ಲಚ್ಚಿಗೆ ಇನ್ನಷ್ಟು ಒತ್ತುವ ಅವಕಾಶ ಇಲ್ಲ. ನೆಲ ಬಂದುಬಿಡುತ್ತದೆ.

ಸಲಕರಣೆಗಳ ವಿಷಯಕ್ಕೆ ಬರೋಣ. ನೀರಿನ ಬಾಟಲಿಯ ಮುಚ್ಚಳಕ್ಕೆ ಕಾದ ಮೊಳೆಯಿಂದ ಎರಡು ತೂತು ಮಾಡಿದೆ. ಒಂದರಲ್ಲಿ ಪೈಪ್ ಬಾಟಲಿಯ ತಳದವರೆಗೆ ಹೋಗುತ್ತದೆ, ಇನ್ನೊಂದು ಗಾಳಿ ಆಡುವುದಕ್ಕೆ. ಪೈಪ್ ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪೈಪ್, ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಪಾರದರ್ಶಕ ಆಗಿರಲೇಬೇಕು, ಗುಳ್ಳೆ ಕಾಣದಿದ್ದರೆ ಕುರುಡು ಕೆಲಸ. ಸ್ಲೇವಿನಲ್ಲಿ ಗಾಳಿ ಹೊರಬಿಡಲು ಇರುವ ತೂತಿನ ತಿರುಪು, ಅಂದರೆ ಬ್ಲೀಡರ್ ನಿಪ್ಪಲ್ಲಿಗೆ ಬಿಗಿಯಾಗಿ ಕೂರಲು ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಹಾಕಿದೆ. ಜೊತೆಗೆ ದನಗಳಿಗೆ ಔಷಧಿ ಕುಡಿಸುವ 50 ಎಂ.ಎಲ್. ಸಿರಿಂಜು, ಹೊಸದು, ಸೂಜಿ ಇಲ್ಲದ್ದು. ಸಿರಿಂಜಿಗೂ ಪೈಪಿಗೂ ಸಂಬಂಧ ಕೂಡಿಸಿದ್ದು ತೋಟದ ಡ್ರಿಪ್ಪಿನ ಮೈಕ್ರೋಟ್ಯೂಬ್ ಜಾಯಿಂಟರ್. ಮನೆಯಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಸಣ್ಣ ಕೈಪಂಪು ಇತ್ತು. ಒತ್ತಡ ಹಾಕಿ ಮೇಲಿಂದ ಆಯಿಲ್ ತಳ್ಳಲು ಹೇಳಿ ಮಾಡಿಸಿದಂಥ ಸಾಮಾನು. ಆದರೆ ಮೈಲುತುತ್ತ, ಸುಣ್ಣ ಕಂಡ ಪಂಪನ್ನು ಎಷ್ಟು ತೊಳೆದರೂ ನಂಬುವುದು ಹೇಗೆ? ಅದನ್ನು ಮುಟ್ಟಲಿಲ್ಲ.

ಗಾಡಿಯನ್ನು ಜಾಕಿನಲ್ಲಿ ಎತ್ತಿ, ಚಾಸಿಯ ಕೆಳಗೆ ಎರಡೂ ಕಡೆ ಗಟ್ಟಿ ಮರದ ದಿಮ್ಮಿ ಅಡ್ಡಡ್ಡ ಜೋಡಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವುದು ಬೇಡ. ಅಡಿಕೆ ಮರದ ತುಂಡನ್ನೂ ಆಧಾರಕ್ಕೆ ಕೊಡಬೇಡಿ, ಸೀಳಿಬಿಡುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಮಲಗಿ ಮಾಡುವ ಕೆಲಸ ಇದು, ಹನಿ ಬೀಳುವುದು ಮುಖಕ್ಕೇ.

ನಿಪ್ಪಲ್ ಬಿಚ್ಚುವುದಕ್ಕೆ ನಮ್ಮ ಗಾಡಿಯಲ್ಲಿ 10 ನಂಬರ್ ಸ್ಪ್ಯಾನರ್. ಬಾಯಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದುಹೋಗುತ್ತದೆ, ರಿಂಗೇ ಬೇಕು. ತುಕ್ಕು ಹಿಡಿದ ನಿಪ್ಪಲ್ಲಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ಟಕಟಕ ಬಡಿದ ಮೇಲೆ ಅಲುಗಿತು. ಅವಸರ ಮಾಡಿ ಮುರಿದುಕೊಂಡರೆ ಹೊಸ ಸ್ಲೇವ್ ಸಿಲಿಂಡರ್ ಖರ್ಚು.

ಮೊದಲು ಎಲ್ಲರೂ ಮಾಡುವ ಕ್ರಮ. ಹೆಂಡತಿ ಪೆಡಲಿನ ಮೇಲೆ, ನಾನು ಗಾಡಿಯ ಕೆಳಗೆ. ಪೈಪಿನ ಒಂದು ತುದಿ ನಿಪ್ಪಲ್ಲಿಗೆ, ಇನ್ನೊಂದು ಬಾಟಲಿಯಲ್ಲಿ, ಆಯಿಲಿನೊಳಗೆ ಮುಳುಗಿ. ನಾನು "ಒತ್ತು" ಎಂದಾಗ ಒತ್ತಿ ಹಿಡಿಯಬೇಕು. ನಾನು ನಿಪ್ಪಲ್ ಅರ್ಧ ಸುತ್ತು ಬಿಚ್ಚುತ್ತೇನೆ, ಗಾಳಿ ಆಯಿಲ್ ಎರಡೂ ಬುಸುಬುಸು ಬರುತ್ತವೆ. ಮತ್ತೆ ಬಿಗಿ ಮಾಡಿ "ಬಿಡು" ಎನ್ನುವವರೆಗೆ ಕಾಲು ತೆಗೆಯುವ ಹಾಗಿಲ್ಲ. ತೆಗೆದರೆ ಹೋದ ಗಾಳಿ ವಾಪಸ್ಸು. ಪೆಡಲ್ ತಾನಾಗಿ ಏಳದಿದ್ದರೆ ಕಾಲಲ್ಲಿ ಎತ್ತಬೇಕು. ಮಧ್ಯೆ ಮಧ್ಯೆ ಡಬ್ಬಿಗೆ ಆಯಿಲ್ ಹಾಕುತ್ತಿರಬೇಕು. ಅದು ಖಾಲಿಯಾದರೆ ಮೇಲಿನಿಂದ ಹೊಸ ಗಾಳಿ ಒಳಗೆ ಬರುತ್ತದೆ, ಮತ್ತೆ ಮೊದಲಿನಿಂದ ಶುರು.

ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟಿದ್ದೆ. ಇದನ್ನು ಬಹಳ ಜನ ಮಾಡುವುದಿಲ್ಲ. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನಾ ಓಡಾಡುವ ಭಾಗ ನುಣುಪಾಗಿರುತ್ತದೆ. ಆಚೆಯ ಕೊನೆಯಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಗಾಳಿ ತೆಗೆಯುವಾಗ ಪೆಡಲನ್ನು ನೆಲದವರೆಗೆ ಒದ್ದರೆ ವಾಷರ್ ಆ ಒರಟು ಜಾಗಕ್ಕೆ ಹೋಗಿ ಹರಿಯಬಹುದು. ಕೆಳಗಿನದು ರಿಪೇರಿ ಮಾಡಲು ಹೋಗಿ ಮೇಲಿನದು ಹಾಳಾಯಿತು ಅಂತ ಕೆಲವರು ಹೇಳುವುದು ಇದಕ್ಕೇ ಇರಬೇಕು.

ಮೊದಲು ಕಪ್ಪು ಆಯಿಲ್ ಬಂತು, ಆಮೇಲೆ ಕಂದು, ಆಮೇಲೆ ಹೊಸದರ ತಿಳಿ ಬಣ್ಣ. ಗುಳ್ಳೆಗಳೂ ನಿಂತವು. ಪೆಡಲ್ ಒತ್ತಿದರೆ ಮೇಲಿನ ಅರ್ಧ ಸತ್ತಂತೆ, ಕೆಳಗಿನ ಅರ್ಧದಲ್ಲಿ ಜೀವ. ಸ್ಲೇವಿನ ರಾಡ್ ಪಕ್ಕ ಸ್ಕೇಲ್ ಹಿಡಿದು ನೋಡಿದರೆ 8 ಮಿ.ಮೀ. ಮಾತ್ರ ಮುಂದೆ ಬರುತ್ತಿತ್ತು. ಗುಳ್ಳೆ ಬರುತ್ತಿಲ್ಲ, ಪೆಡಲೂ ಸರಿಯಿಲ್ಲ. ಹಾಗಾದರೆ ಗಾಳಿ ಎಲ್ಲಿ?

ಟಾರ್ಚ್ ಹಾಕಿ ಪೈಪಿನ ದಾರಿ ನೋಡಿದೆ. ಅದು ಮಾಸ್ಟರಿನಿಂದ ನೇರ ಕೆಳಗೆ ಬರುವುದಿಲ್ಲ. ಒಂದು ಕಡೆ ಮೇಲೆದ್ದು, ಬಾಗಿ, ಆಮೇಲೆ ಇಳಿಯುತ್ತದೆ. ಮಲೆನಾಡಿನಲ್ಲಿ ಗುಡ್ಡದಿಂದ ಅಬ್ಬಿ ನೀರು ತರಿಸಿಕೊಳ್ಳುವವರಿಗೆ ಇದು ಹೇಳಬೇಕಾಗಿಲ್ಲ. ಪೈಪ್‌ಲೈನ್ ಎಲ್ಲಿ ಉಬ್ಬಿ ಹೋಗುತ್ತದೋ ಅಲ್ಲಿ ಗಾಳಿ ಕೂರುತ್ತದೆ. ಮೇಲಿಂದ ಎಷ್ಟು ನೀರು ಬಿಟ್ಟರೂ ಗಾಳಿಯ ಕೆಳಗೆ ನುಸುಳಿಕೊಂಡು ಹೋಗುತ್ತದೆಯೇ ಹೊರತು ಗಾಳಿಯನ್ನು ಕದಲಿಸುವುದಿಲ್ಲ. ನಮ್ಮ ಪೆಡಲ್ ಮಾಡುತ್ತಿದ್ದದ್ದೂ ಅದೇ. ಒಂದು ಸಲಕ್ಕೆ ಒಂದು ಚಮಚ ಆಯಿಲ್. ಉಬ್ಬಿನ ಗಾಳಿ ಒತ್ತಿದಾಗ ಒಂದು ಗೇಣು ಕೆಳಗೆ ಬರುತ್ತದೆ, ಬಿಟ್ಟ ಮೇಲೆ ಮತ್ತೆ ತೇಲಿ ತನ್ನ ಜಾಗಕ್ಕೆ ಹೋಗುತ್ತದೆ.

ಆಮೇಲೆ ಎಳೆದು ತೆಗೆಯುವ ಉಪಾಯ. ಸಿರಿಂಜನ್ನು ನಿಪ್ಪಲ್ಲಿಗೆ ಕೂಡಿಸಿ, ಹಿಡಿ ಹಿಂದಕ್ಕೆ ಜಗ್ಗಿ, ನಿಪ್ಪಲ್ ಬಿಚ್ಚಿದೆ. ಪೈಪ್ ತುಂಬ ಗುಳ್ಳೆ! ಖುಷಿಯಾಯಿತು. ಸಿರಿಂಜು ತುಂಬಿತು, ಖಾಲಿ ಮಾಡಿ ಮತ್ತೆ ಎಳೆದೆ, ಮತ್ತೂ ಅಷ್ಟೇ ಗುಳ್ಳೆ. ಸೀಸೆ ಆಯಿಲ್ ಖಾಲಿಯಾಗುತ್ತಾ ಬಂದರೂ ಗುಳ್ಳೆ ನಿಲ್ಲಲಿಲ್ಲ. ಇದು ಒಳಗಿನ ಗಾಳಿ ಆಗಿರಲು ಸಾಧ್ಯವೇ ಇಲ್ಲ. ಅಷ್ಟು ಗಾಳಿ ಆ ಪೈಪಿನಲ್ಲಿ ಹಿಡಿಸುವುದಿಲ್ಲ. ಬರುತ್ತಿದ್ದದ್ದು ನಿಪ್ಪಲ್ಲಿನ ಮರೆಗಳ (ತಿರುಪಿನ ಗೆರೆಗಳ) ಸಂದಿಯಿಂದ, ಹೊರಗಿನ ಗಾಳಿ. ನಿಪ್ಪಲ್ ಬಿಚ್ಚಿ ತೆಗೆದು ಮರೆಗೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿದೆ. ಚೂಪು ತುದಿಗೂ ಪಕ್ಕದ ತೂತಿಗೂ ಟೇಪ್ ಬರದಂತೆ ನೋಡಿಕೊಂಡೆ. ಚೂರು ಹರಿದು ಒಳಗೆ ಹೋದರೆ ಹೊಸ ಗೋಳು. ಗುಳ್ಳೆ ಬಹಳ ಕಡಿಮೆಯಾಯಿತು. ಪೆಡಲ್ ಮಾತ್ರ ಇದ್ದ ಹಾಗೇ ಇತ್ತು.

ಎಳೆಯುವ ದಾರಿಯ ಮೇಲೆ ನನಗೆ ಇನ್ನೊಂದು ಅನುಮಾನವೂ ಇದೆ. ಸ್ಲೇವಿನ ಕಪ್ ವಾಷರ್ ಒಳಗಿನಿಂದ ಒತ್ತಡ ಬಿದ್ದಾಗ ತುಟಿ ಅಗಲಿಸಿ ಗೋಡೆಗೆ ಅಂಟುವಂಥದ್ದು. ಹೊರಗಿನಿಂದ ಒಳಗೆ ಬರುವ ಗಾಳಿಯನ್ನು ತಡೆಯುವುದಕ್ಕೆ ಅದನ್ನು ಮಾಡಿಲ್ಲ. ಒಳಗೆ ನಿರ್ವಾತ ಮಾಡಿ ಜೋರಾಗಿ ಎಳೆದರೆ ವಾಷರಿನ ಪಕ್ಕದಿಂದಲೇ ಗಾಳಿ ನುಗ್ಗಬಹುದು. ದುಡ್ಡು ಕೊಟ್ಟು ತರುವ ವ್ಯಾಕ್ಯೂಮ್ ಪಂಪಿನಲ್ಲೂ ಈ ತೊಂದರೆ ಇದ್ದದ್ದೇ.

ಪೆಡಲನ್ನು ಒತ್ತಿ ಸೀಟಿಗೂ ಪೆಡಲಿಗೂ ಮಧ್ಯೆ ಕೋಲು ಕೊಟ್ಟು ರಾತ್ರಿಯಿಡೀ ಬಿಡಿ ಅಂತ ಪರಿಚಯದ ಡ್ರೈವರೊಬ್ಬರು ಹೇಳಿದರು. ಈ ಮಾತು ಎಲ್ಲ ಕಡೆ ಓಡಾಡುತ್ತಿದೆ. ಪೆಡಲ್ ಕೆಳಗಿರುವಾಗ ಮಾಸ್ಟರಿನ ಪಿಸ್ಟನ್ ಡಬ್ಬಿಗೆ ಹೋಗುವ ಸಣ್ಣ ತೂತನ್ನು ಮುಚ್ಚಿರುತ್ತದೆ. ಗಾಳಿ ಮೇಲೆ ಬಂದರೂ ಹೊರಗೆ ಹೋಗಲು ಬಾಗಿಲಿಲ್ಲ, ಅಲ್ವಾ? ಬೆಳಿಗ್ಗೆ ಕೋಲು ತೆಗೆದು ಪೆಡಲ್ ಮೇಲೆ ಬಿಟ್ಟಾಗ ಅಲ್ಲಿಗೆ ಬಂದು ಕೂತಿದ್ದ ಒಂದಿಷ್ಟು ಗಾಳಿ ಹೋಗಬಹುದು. ಮಾಸ್ಟರಿನ ಹತ್ತಿರ ಇರುವ ಚೂರುಪಾರಿಗೆ ಆದೀತು. ಉಬ್ಬಿನಲ್ಲಿ ಕೂತದ್ದಕ್ಕೆ ಇದರಿಂದ ಆಗುವುದಿಲ್ಲ ಅಂತ ನನ್ನ ಎಣಿಕೆ. ಕೋಲು ಕೊಡಲಿಲ್ಲ.

ಗಾಳಿ ಮೇಲಕ್ಕೆ ಹೋಗಲು ನೋಡುತ್ತದೆ, ನಾವು ಅದನ್ನು ಕೆಳಕ್ಕೆ ಎಳೆಯುತ್ತಿದ್ದೇವೆ. ಹಾಗಿದ್ದರೆ ಕೆಳಗಿನಿಂದ ಆಯಿಲ್ ತುಂಬಿಸಿ ಗಾಳಿಯನ್ನು ಮೇಲಕ್ಕೇ ಕಳಿಸಬಾರದೇಕೆ? ಇದನ್ನು ನಾನೇನೂ ಕಂಡುಹಿಡಿದದ್ದಲ್ಲ. ಗ್ಯಾರೇಜುಗಳಲ್ಲಿ ಎಣ್ಣೆ ಕ್ಯಾನಿನಿಂದ ಹೀಗೆ ಉಲ್ಟಾ ತುಂಬುವವರಿದ್ದಾರೆ. ಇದಕ್ಕೆ ಒಂದು ಆಕ್ಷೇಪ ಇದೆ, ಅದು ನಿಜ ಕೂಡ. ಸ್ಲೇವಿನ ತಳದಲ್ಲಿ ಕೂತ ಕೊಳೆಯೆಲ್ಲ ಮಾಸ್ಟರಿಗೆ, ಡಬ್ಬಿಗೆ ಹೋಗುತ್ತದೆ. ಹಾಗಾಗಿ ಪೆಡಲ್ ಒತ್ತಿ ಹಳೇ ಆಯಿಲೆಲ್ಲ ಹೊರಗೆ ಹಾಕಿದ ಮೇಲೆಯೇ ಇದನ್ನು ಮಾಡಬೇಕು. ಅಲ್ಲಿಯವರೆಗೆ ಪಟ್ಟ ಪಾಡು ದಂಡ ಆಗಲಿಲ್ಲ.

ಮೊದಲು ಡಬ್ಬಿಯಲ್ಲಿದ್ದ ಆಯಿಲನ್ನು ಸಿರಿಂಜಿನಿಂದ ತೆಗೆದು ತಳದಲ್ಲಿ ಒಂದು ಬೆರಳಷ್ಟು ಬಿಟ್ಟೆ. ಇಲ್ಲದಿದ್ದರೆ ಕೆಳಗಿನಿಂದ ತಳ್ಳಿದ್ದು ಮೇಲೆ ಉಕ್ಕುತ್ತದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಎದ್ದು ಬರುತ್ತದೆ. ಸುತ್ತ ಒದ್ದೆ ಬಟ್ಟೆ ಹಾಸಿದೆ, ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟೆ. ಬಿದ್ದರೆ ಒರೆಸುವುದಕ್ಕಿಂತ ತಕ್ಷಣ ನೀರು ಸುರಿಯುವುದು ಒಳ್ಳೆಯದು, ಅದು ನೀರಿನಲ್ಲಿ ಬೆರೆತು ಹೋಗುತ್ತದೆ.

ಪೆಡಲ್ ಪೂರ್ತಿ ಮೇಲಿರಬೇಕು. ಸುಮ್ನೆ ಮೇಲೆ ಕಂಡರೆ ಸಾಲದು. ಪೆಡಲಿಗೂ ಮಾಸ್ಟರಿನ ಪಿಸ್ಟನ್ನಿಗೂ ನಡುವೆ ಇರುವ ರಾಡಿನಲ್ಲಿ ಕೊಂಚ ಸಡಿಲ ಇರಬೇಕು. ಬೆರಳಲ್ಲಿ ಪೆಡಲ್ ಒತ್ತಿದರೆ ಪಿಸ್ಟನ್ ಅಲುಗುವ ಮೊದಲು ಕೆಲವು ಮಿ.ಮೀ. ಖಾಲಿ ಆಟ ಸಿಗಬೇಕು. ಅದಿಲ್ಲದಿದ್ದರೆ ಡಬ್ಬಿಯ ತೂತು ಅರ್ಧ ಮುಚ್ಚಿರುತ್ತದೆ, ಕೆಳಗಿನಿಂದ ಎಷ್ಟು ತಳ್ಳಿದರೂ ಹೋಗುವುದಿಲ್ಲ.

ಸಿರಿಂಜಿಗೆ ಹೊಸ ಆಯಿಲ್ ತುಂಬಿ, ತಟ್ಟಿ ತಟ್ಟಿ ಗುಳ್ಳೆ ಬಿಡಿಸಿ, ಪೈಪಿನ ತುದಿಯಲ್ಲಿ ಆಯಿಲ್ ತುಳುಕುವವರೆಗೆ ಒತ್ತಿ, ಆಮೇಲೆ ನಿಪ್ಪಲ್ಲಿಗೆ ಹಾಕಿದೆ. ಪೈಪ್ ಎಗರದಂತೆ ತೆಳು ತಂತಿ ಸುತ್ತಿದೆ. ಸಿರಿಂಜಿನ ಮೂತಿ ಕೆಳಗೆ, ಹಿಡಿ ಮೇಲೆ. ಉಳಿದ ಗಾಳಿ ಇದ್ದರೂ ಅದು ಹಿಡಿಯ ಕಡೆಗೆ ತೇಲಿರುತ್ತದೆ, ಪೈಪಿಗೆ ಹೋಗುವುದಿಲ್ಲ. ನಿಪ್ಪಲ್ ಅರ್ಧ ಸುತ್ತು ಬಿಚ್ಚಿ ಮೆಲ್ಲಗೆ ಒತ್ತಿದೆ. ಮೇಲೆ ಡಬ್ಬಿ ನೋಡುತ್ತಿದ್ದ ಹೆಂಡತಿ ಮೊದಲು "ಏನೂ ಇಲ್ಲ" ಎಂದಳು. ಸಿರಿಂಜು ಅರ್ಧ ಇಳಿಯುವಷ್ಟರಲ್ಲಿ "ಬಂತು, ಬಂತು, ಗುಳುಗುಳು ಅಂತಿದೆ" ಎಂದಳು. ದೊಡ್ಡ ಗುಳ್ಳೆಗಳು. ಆಮೇಲೆ ಸಣ್ಣವು, ಸೋಡಾದಂತೆ. ಸಿರಿಂಜಿನ ಕೊನೆಯ ಐದು ಎಂ.ಎಲ್. ಉಳಿಸಿ ನಿಪ್ಪಲ್ ಬಿಗಿ ಮಾಡಿದೆ. ಡಬ್ಬಿಗೆ ಬಂದದ್ದನ್ನು ತೆಗೆದು ಚೆಲ್ಲಿ, ಮತ್ತೆ ಹೊಸ ಆಯಿಲ್ ತುಂಬಿ ಅದನ್ನೇ ಮಾಡಿದೆ. ಈ ಸಲ ಚಿಲ್ಲರೆ ಗುಳ್ಳೆ ಮಾತ್ರ.

ಜೋರಾಗಿ ಒತ್ತಬಾರದು. ಜೋರು ಮಾಡಿದರೆ ಗಾಳಿ ಒಡೆದು ನೊರೆಯಾಗುತ್ತದೆ, ನೊರೆ ಪೈಪಿನ ಗೋಡೆಗೆ ಅಂಟಿಕೊಳ್ಳುತ್ತದೆ. ಮಧ್ಯದಲ್ಲಿ ಪೈಪಿನ ಉದ್ದಕ್ಕೂ ಸ್ಪ್ಯಾನರಿನ ಹಿಡಿಯಿಂದ ಹಗುರವಾಗಿ ತಟ್ಟಿದೆ. ಸ್ಲೇವ್ ಸಿಲಿಂಡರನ್ನೂ ತಟ್ಟಿದೆ. ಅದರಲ್ಲಿ ನಿಪ್ಪಲ್ ಎಲ್ಲಕ್ಕಿಂತ ಮೇಲಿನ ಜಾಗದಲ್ಲಿರಬೇಕು. ಕೆಲವು ಗಾಡಿಗಳಲ್ಲಿ ಹಾಗಿರುವುದಿಲ್ಲ, ಆಗ ಬೋಲ್ಟ್ ಬಿಚ್ಚಿ ಸಿಲಿಂಡರನ್ನು ಓರೆ ಮಾಡಿ ಹಿಡಿಯಬೇಕು. ಬಿಚ್ಚಿದಾಗ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಹಾರಿ ಹೊರಗೆ ಬರುತ್ತದೆ.

ಇಷ್ಟಾದ ಮೇಲೆ ಮತ್ತೆ ಪೆಡಲ್ ಒತ್ತಿ ಹಳೇ ಕ್ರಮದಲ್ಲಿ ಸ್ವಲ್ಪ ಆಯಿಲ್ ಹೊರಗೆ ಬಿಟ್ಟೆ. ಗುಳ್ಳೆ ಇಲ್ಲ. ಪೆಡಲ್ ಮೇಲಿನ ಒಂದಿಂಚು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ. ಸ್ಕೇಲಿನಲ್ಲಿ ರಾಡ್ ಈಗ 13 ಮಿ.ಮೀ. ಬರುತ್ತಿತ್ತು. ಗಾಡಿ ಇಳಿಸಿ, ಇಂಜಿನ್ ಹಾಕಿ, ಕ್ಲಚ್ ಒತ್ತಿ, ಮನಸ್ಸಿನಲ್ಲಿ ಐದು ಎಣಿಸಿ ರಿವರ್ಸ್ ಹಾಕಿದೆ. ಸದ್ದಿಲ್ಲ. ಎಣಿಸುವುದು ಯಾಕೆ ಅಂದರೆ ಕ್ಲಚ್ ಪೂರ್ತಿ ಬಿಟ್ಟಿದ್ದರೆ ಗೇರ್‌ಬಾಕ್ಸಿನ ಒಳ ಶಾಫ್ಟ್ ಅಷ್ಟರಲ್ಲಿ ನಿಂತಿರುತ್ತದೆ. ತಕ್ಷಣ ಹಾಕಿದರೆ ಒಳ್ಳೇ ಕ್ಲಚ್ಚಿನ ಗಾಡಿಯೂ ಕೆಲವೊಮ್ಮೆ ಕರ್ ಎನ್ನುತ್ತದೆ. ಆಮೇಲೆ ಪೆಡಲ್ ಒತ್ತಿ ಹಿಡಿದೇ ಕೂತೆ. ಗೇರಿನಲ್ಲಿದ್ದ ಗಾಡಿ ತೆವಳಲಿಲ್ಲ. ಮಾಸ್ಟರಿನ ಒಳ ವಾಷರ್ ಸದ್ಯಕ್ಕೆ ಹಿಡಿದಿದೆ.

ಆಯಿಲ್ ಬಗ್ಗೆ ಎರಡು ಮಾತು. ಡಾಟ್ ಅನ್ನುವುದು ಬ್ರೇಕ್ ಆಯಿಲಿನ ದರ್ಜೆ. ಮಾಸ್ಟರ್ ಮುಚ್ಚಳದ ಮೇಲೆ ಡಾಟ್ 3 ಅಂತಿದ್ದರೆ ಡಾಟ್ 4 ಹಾಕಬಹುದು, ಎರಡೂ ಗ್ಲೈಕಾಲ್ ಜಾತಿ. ಡಾಟ್ 5 ಸಿಲಿಕೋನಿನದು, ಅದನ್ನು ಇವುಗಳ ಜೊತೆ ಬೆರೆಸಬಾರದು. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಶೇ. 3.7ರಷ್ಟು ನೀರು ಹೀರಿಕೊಂಡ ಮೇಲೆ ಅದು 140ಕ್ಕೆ ಇಳಿದರೂ ನಡೆಯುತ್ತದೆ ಎನ್ನುತ್ತದೆ ನಿಯಮ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಕ್ಲಚ್ಚಿಗೆ ಬ್ರೇಕಿನಷ್ಟು ಬಿಸಿ ತಾಗುವುದಿಲ್ಲ ನಿಜ, ಆದರೆ ಆ ನೀರು ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ವಾಷರನ್ನು ಕೊರೆಯುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುವಾಗ ಬ್ರೇಕ್ ಆಯಿಲಿನ ಗತಿ ಹೇಳಬೇಕೇ? ತೆರೆದ ಸೀಸೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಸಣ್ಣ ಸೀಸೆ ತನ್ನಿ, ಉಳಿದದ್ದು ಎಸೆಯಿರಿ. ಎಸೆಯುವುದು ಅಂದರೆ ಹಿತ್ತಲಿಗೆ ಚೆಲ್ಲುವುದಲ್ಲ. ನಾಯಿ, ದನ ನೆಕ್ಕಿದರೆ ವಿಷ. ಇಂಜಿನ್ ಆಯಿಲಿಗೆ ಬೆರೆಸದೆ ಬೇರೆ ಬಾಟಲಿಯಲ್ಲಿ ಗ್ಯಾರೇಜಿಗೆ ಕೊಟ್ಟೆ.

ಹೊಸ ಗಾಡಿಗಳಲ್ಲಿ ಹಲವಕ್ಕೆ ಸ್ಲೇವ್ ಹೊರಗಿರುವುದಿಲ್ಲ. ಬೆಲ್ ಹೌಸಿಂಗಿನ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚದ) ಒಳಗೆ, ಶಾಫ್ಟಿನ ಸುತ್ತ ಕೂತಿರುತ್ತದೆ. ಅದರ ಗಾಳಿಯನ್ನು ಮನೆಯಲ್ಲೇ ಹೀಗೆ ತೆಗೆಯಬಹುದು, ಆದರೆ ಅದೇ ಸೋರುತ್ತಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು. ಅದು ಅಂಗಳದಲ್ಲಿ ಮಾಡುವ ಕೆಲಸ ಅಲ್ಲ. ಇನ್ನು ಕೆಲವಕ್ಕೆ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಂಥದ್ದರಲ್ಲಿ ಕೆಳಗಿನಿಂದ ಕೊಳೆ ತಳ್ಳಿದರೆ ಅದು ಬ್ರೇಕಿಗೂ ಹೋಗುತ್ತದೆ. ನಾನಾದರೆ ಅದರಲ್ಲಿ ಸಿರಿಂಜು ಹಿಡಿಯುವುದಿಲ್ಲ, ಪೆಡಲ್ ಕ್ರಮದಲ್ಲೇ ತಾಳ್ಮೆಯಿಂದ ಮಾಡುತ್ತೇನೆ.

ಕೆಲಸ ಮುಗಿದ ದಿನ ಡಬ್ಬಿಯ ಮೇಲೆ ಆಯಿಲ್ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಹಾಕಿದೆ. ಬ್ರೇಕಿನ ಡಬ್ಬಿಯಲ್ಲಿ ಮಟ್ಟ ಕೊಂಚ ಇಳಿದರೆ ಗಾಬರಿ ಬೇಡ, ಪ್ಯಾಡ್ ಸವೆದ ಹಾಗೆ ಅದು ಇಳಿಯುತ್ತದೆ. ಕ್ಲಚ್ಚಿನದು ಹಾಗಲ್ಲ. ಪ್ಲೇಟ್ ಸವೆದಂತೆ ಸ್ಲೇವಿನ ಪಿಸ್ಟನ್ ಒಳಕ್ಕೆ ಸರಿಯುತ್ತದೆ, ಡಬ್ಬಿಯ ಮಟ್ಟ ಏರಬೇಕೇ ಹೊರತು ಇಳಿಯಬಾರದು. ಇಳಿದರೆ ಸೋರಿಕೆಯೇ. ದೀಪಾವಳಿಯವರೆಗೆ ಗೆರೆಯಲ್ಲೇ ಇತ್ತು. ಈಗ ಒಂದು ಕೂದಲೆಳೆ ಕೆಳಗೆ ಬಂದಿದೆ ಅಂತ ಅನುಮಾನ. ಸ್ಲೇವಿನ ಬೂಟ್ ಒಣಗಿದೆ. ಪೆಡಲಿನ ಹತ್ತಿರ ಸವರಿದರೆ ಬೆರಳಿಗೆ ಚೂರು ಜಿಗುಟು ತಾಗುತ್ತದೆ. ಮಾಸ್ಟರಿನ ಕಿಟ್ ಶಿವಮೊಗ್ಗದಿಂದ ತರಿಸಿಟ್ಟಿದ್ದೇನೆ. ಅಡಿಕೆ ಕೊಯ್ಲು ಮುಗಿಯಲಿ, ಅದನ್ನೂ ಬಿಚ್ಚುತ್ತೇನೆ.